ಕಪಾಟಿನೊಳಗಿನ ಮೆಣಸಿನ ಗಿಡ

ಆ ಆಫೀಸು ಕಟ್ಟಡದಲ್ಲಿ ಅವನನ್ನು ಎಲ್ಲರೂ ಟೆಸ್ಟರ್ ಎಂದೇ ಕರೆಯುತ್ತಿದ್ದರು. ಇಪ್ಪತ್ತೇಳು ವರ್ಷದಿಂದ ಜೇಬಿನಲ್ಲಿ ಪೆನ್ನಿನ ಬದಲು ಟೆಸ್ಟರ್ ಸಿಕ್ಕಿಸಿಕೊಂಡು ಓಡಾಡುವ ಎಲೆಕ್ಟ್ರಿಷಿಯನ್‌ಗೆ ಬೇರೆ ಹೆಸರು ಬೇಕು ಎಂದು ಯಾರಿಗೂ ಅನ್ನಿಸಿರಲಿಲ್ಲ. ಅವನಿಗೂ ಅನ್ನಿಸಿರಲಿಲ್ಲ.

ಆ ವರ್ಷ ಆರು ಅಂತಸ್ತಿನ ಸಿಎಫ್‌ಎಲ್ ಬಲ್ಬುಗಳನ್ನೆಲ್ಲ ಕಿತ್ತು ಎಲ್‌ಇಡಿ ಹಾಕಬೇಕೆಂದು ಮೇಲಿನಿಂದ ಹುಕುಂ ಬಂದಿತ್ತು. ಬೆಳಗಿನಿಂದ ಸಂಜೆವರೆಗೆ ಏಣಿ ಹತ್ತುವುದು, ಕತ್ತು ಮೇಲೆತ್ತಿ ಬಲ್ಬು ತಿರುಗಿಸುವುದು, ಇಳಿಯುವುದು, ಏಣಿಯನ್ನು ನಾಲ್ಕು ಹೆಜ್ಜೆ ಆಚೆ ಎಳೆಯುವುದು, ಮತ್ತೆ ಹತ್ತುವುದು. ಐವತ್ತಾರನೇ ವಯಸ್ಸಿಗೆ ಅದು ಮೈಯನ್ನು ಹಣ್ಣು ಮಾಡುವ ಕೆಲಸ. ಮನೆಗೆ ಬಂದರೆ ಭುಜ ತನ್ನದಲ್ಲ, ಕತ್ತು ತನ್ನದಲ್ಲ. ಬೂಟು ಬಿಚ್ಚಿದವನೇ ಮಂಚದ ಮೇಲೆ ಉರುಳಿ ಸೂರು ನೋಡಬೇಕೆಂದರೆ ಅಲ್ಲೂ ಒಂದು ಬಲ್ಬು ನೇತಾಡುತ್ತಿತ್ತು. ಅವನು ಗೋಡೆಯ ಕಡೆ ಹೊರಳುತ್ತಿದ್ದ.

ಗೋಡೆಯ ಆಚೆ ಕೋಣೆಯಲ್ಲಿ ಅಕ್ಕ ಇದ್ದಳು.

ಅಕ್ಕ ಬಂದು ಏಳು ತಿಂಗಳಾಗಿತ್ತು. ಅದಕ್ಕೆ ಮೊದಲು ಮೂವತ್ತು ವರ್ಷ ಅವಳು ಊರಿನ ಅಂಚಿನಲ್ಲಿ ಬಾಡಿಗೆ ಜಾಗದಲ್ಲಿ ಸಸಿ ನರ್ಸರಿ ನಡೆಸಿದವಳು. ಮದುವೆ ಮಾಡಿಕೊಳ್ಳಲಿಲ್ಲ; ಕೇಳಿದವರಿಗೆ 'ಪುರುಸೊತ್ತಿಲ್ಲ' ಎನ್ನುತ್ತಿದ್ದಳು. ಜಾಗದ ಮಾಲೀಕ ಜಾಗ ಮಾರಿಕೊಂಡ. ಅದೇ ವರ್ಷ ಅವಳಿಗೆ ಲಕ್ವ ಹೊಡೆದು ಎಡಗೈ, ಎಡಗಾಲು ಸೋತವು. ಕಾಲು ಅರ್ಧದಷ್ಟು ಮರಳಿತು, ಕೋಲು ಹಿಡಿದು ನಡೆಯುತ್ತಾಳೆ. ಕೈ ಮರಳಲಿಲ್ಲ. ತಮ್ಮನ ಮನೆ ಇರುವುದು ನೆಲಮಹಡಿಯ ಹಿಂಭಾಗದಲ್ಲಿ. ಅಕ್ಕನ ಕೋಣೆಗೆ ಒಂದು ಕಿಟಕಿ ಏನೋ ಇದೆ, ಅದನ್ನು ತೆರೆದರೆ ಪಕ್ಕದ ಕಟ್ಟಡದ ಗೋಡೆ ಮುಖಕ್ಕೆ ತಗಲುವಷ್ಟು ಹತ್ತಿರ. ಮಧ್ಯಾಹ್ನ ಹನ್ನೆರಡಕ್ಕೂ ಅಲ್ಲಿ ಬೆಳಗಿನ ಐದು ಗಂಟೆಯ ಬೆಳಕು.

ಒಂದು ಸಂಜೆ ಅವಳು ಅವನನ್ನು ಕರೆದು ಒಂದು ಔಷಧಿ ಸೀಸೆ ತೋರಿಸಿದಳು. ತಳದಲ್ಲಿ ಒಂದಿಷ್ಟು ಬೀಜ.

"ಗುಂಡು ಮೆಣಸಿನಕಾಯಿದು. ಮೂವತ್ತೆರಡಿದೆ. ಡಬ್ಬಿ ತುಂಬ ಇತ್ತು. ಸಾಮಾನು ಸಾಗಿಸುವಾಗ ನೀರು ಹೋಗಿ ಎಲ್ಲ ಬೂಷ್ಟು ಹಿಡೀತು. ಉಳಿದಿದ್ದು ಇಷ್ಟೇ."

"ಹೊಸ ಬೀಜ ತಂದುಕೊಡ್ತೀನಿ ಬಿಡು."

"ಎಲ್ಲಿಂದ ತರ್ತೀಯ? ಇದು ಅಂಗಡೀಲಿ ಸಿಗೋದಲ್ಲ ಕಣೋ." ಅಕ್ಕ ಅಪರೂಪಕ್ಕೆ ದನಿ ಏರಿಸಿದಳು. ಒಂದು ವರ್ಷ ತೋಟವೆಲ್ಲ ಎಲೆ ಮುರುಟು ರೋಗಕ್ಕೆ ಹೋದಾಗ ಒಂದೇ ಒಂದು ಗಿಡ ನೆಟ್ಟಗೆ ನಿಂತಿತ್ತಂತೆ. ಅದರ ಬೀಜ ಹಾಕಿ, ಮುಂದಿನ ವರ್ಷ ಮತ್ತೆ ಚೆನ್ನಾಗಿ ನಿಂತದ್ದನ್ನು ಆರಿಸಿ, ಹೀಗೆ ಹದಿನೆಂಟು ವರ್ಷ ಮಾಡಿದ್ದಾಳೆ. "ಈ ಬೀಜಕ್ಕೆ ಈಗಲೇ ಮೂರು ವರ್ಷ ಆಯ್ತು. ಈ ಸಲ ಹುಟ್ಟಿಸದಿದ್ರೆ ಮುಗೀತು."

ಟೆಸ್ಟರ್ ಹನ್ನೆರಡು ಬೀಜ ಡಬ್ಬಿಯಲ್ಲಿ ಹಾಕಿ ಕಿಟಕಿಯ ಕಟ್ಟೆ ಮೇಲಿಟ್ಟ. ಐದು ಹುಟ್ಟಿದವು. ಹುಟ್ಟಿದವು ಬೆಳಕು ಹುಡುಕುತ್ತ ನೂಲಿನ ಹಾಗೆ ಉದ್ದಕ್ಕೆ ಎದ್ದು, ತಮ್ಮ ತಲೆಯನ್ನು ತಾವೇ ಹೊರಲಾರದೆ ಒಂದು ವಾರದಲ್ಲಿ ಮಲಗಿಬಿಟ್ಟವು. ಅಕ್ಕ ಡಬ್ಬಿಯನ್ನು ಬಲಗೈಯಲ್ಲಿ ಆಚೆ ಸರಿಸಿದಳು, ಅಷ್ಟೇ. ಅವನಿಗೆ ಬೈಗುಳ ತಿಂದಿದ್ದರೆ ವಾಸಿಯಿತ್ತು ಅನ್ನಿಸಿತು.

ಎರಡು ದಿನ ಬಿಟ್ಟು ಅಕ್ಕ ಗೋಡೆ ನೋಡುತ್ತ ಹೇಳಿದಳು: "ಗಿಡ್ಡಿ ಹತ್ರ ಹೋಗಿ ಕೇಳು. ಅವಳ ಹತ್ರ ಇದ್ದೇ ಇರುತ್ತೆ."

ಗಿಡ್ಡಿ ಅಂದರೆ ಅಕ್ಕನ ನರ್ಸರಿಯಲ್ಲಿ ಹದಿನಾಲ್ಕು ವರ್ಷ ಕೆಲಸ ಮಾಡಿದ ಹೆಂಗಸು. ಹನ್ನೆರಡು ವರ್ಷದ ಹಿಂದೆ, ಬೀಜದ ಡಬ್ಬಿಯಲ್ಲಿ ಒಂದು ಹಿಡಿ ಕಮ್ಮಿಯಾಗಿದೆಯೆಂದು ಅಕ್ಕ ಹತ್ತು ಜನ ಗಿರಾಕಿಗಳ ಎದುರಿಗೆ ಅವಳನ್ನು ಕಳ್ಳಿ ಎಂದಿದ್ದಳು. ಗಿಡ್ಡಿ ಕೈಯಲ್ಲಿದ್ದ ನೀರಿನ ಡಬ್ಬ ಅಲ್ಲೇ ಕೆಳಗಿಟ್ಟು ಹೊರಟವಳು ಮತ್ತೆ ಆ ಕಡೆ ತಲೆ ಹಾಕಲಿಲ್ಲ. ಈಗ ಹೆದ್ದಾರಿ ಪಕ್ಕ ಅವಳದೇ ಒಂದು ಪುಟ್ಟ ನರ್ಸರಿ.

"ಕದ್ದವಳು ಬೆಳೆಸದೇ ಇರ್ತಾಳಾ? ಬೇಕಾದರೆ ದುಡ್ಡು ಕೊಟ್ಟು ತಗೊಂಡು ಬಾ," ಎಂದಳು ಅಕ್ಕ.

ವಾರಕ್ಕೊಂದು ರಜೆ. ಅದನ್ನು ಎರಡು ಬಸ್ಸು ಬದಲಿಸುವುದರಲ್ಲಿ ಕಳೆಯಬೇಕಲ್ಲ ಎಂದು ಗೊಣಗುತ್ತಲೇ ಟೆಸ್ಟರ್ ಹೋದ. ಹಸಿರು ನೆರಳು ಪರದೆಯ ಕೆಳಗೆ ಸಾಲಾಗಿ ಟ್ರೇಗಳು; ನಡುವೆ ಕೂತು ಸಸಿ ಬೇರ್ಪಡಿಸುತ್ತಿದ್ದ ಗಿಡ್ಡಿ ಅವನ ಗುರುತು ಹಿಡಿದಳು. ಕೂರಲು ಒಂದು ಖಾಲಿ ಬಕೆಟ್ಟು ಬೋರಲು ಹಾಕಿದಳು. ಅವನು ಬಂದ ವಿಷಯ ಹೇಳಿದ; ಕಳ್ಳತನದ ಮಾತನ್ನು ಆದಷ್ಟು ಸುತ್ತಿ ಬಳಸಿ ಹೇಳಿದ.

ಗಿಡ್ಡಿ ಕೈಕೆಲಸ ನಿಲ್ಲಿಸಲಿಲ್ಲ.

"ನನ್ನ ಹತ್ರ ಇಲ್ಲ ಅಣ್ಣಾ. ಇಲ್ಲಿರೋದೆಲ್ಲ ನೋಡ್ಕೊಂಡು ಬನ್ನಿ. ಸುತ್ತಮುತ್ತ ಬೆಳೆಯೋರನ್ನೂ ಕೇಳಿ. ಕದ್ದಿದ್ರೆ ಈ ಹನ್ನೆರಡು ವರ್ಷದಲ್ಲಿ ಈ ರಸ್ತೆ ಉದ್ದಕ್ಕೂ ಅದೇ ಗಿಡ ಇರ್ತಿತ್ತು. ನಾನು ಸುಮ್ಮನೆ ಕೂರೋಳಾ?"

ಟೆಸ್ಟರ್ ಟ್ರೇಗಳ ಸಾಲಿನ ಮೇಲೆ ಕಣ್ಣಾಡಿಸಿದ. "ಹಾಗಾದ್ರೆ ಅಕ್ಕನ ಹತ್ರ ಉಳಿದಿರೋ ಇಪ್ಪತ್ತು ಬೀಜ ನಿಮಗೇ ತಂದು ಕೊಡಲಾ? ಇಲ್ಲಿ ಬಿಸಿಲಿದೆ, ನಿಮ್ಮ ಕೈಯೂ ಪಳಗಿದೆ," ಎಂದ.

"ಬೇಡವೇ ಬೇಡ." ಈಗ ಅವಳು ತಲೆ ಎತ್ತಿದಳು. "ಇಪ್ಪತ್ತರಲ್ಲಿ ಒಂದು ಹುಟ್ಟದಿದ್ರೂ ಅದು ಮತ್ತೆ ನನ್ನ ತಲೆಗೇ ಬರುತ್ತೆ. ಒಂದು ಸಲ ಹೊತ್ಕೊಂಡಿದ್ದು ಸಾಕು."

ಅವನು ಎದ್ದ. ಹೊರಡುವಾಗ ಗಿಡ್ಡಿಯೇ ಹಿಂದಿನಿಂದ ಕೇಳಿದಳು: "ಮನೇಲಿ ಬಿಸಿಲೇ ಬರಲ್ವಾ?"

"ಒಂದು ಗೆರೆಯೂ ಬರಲ್ಲ."

"ಬರದಿದ್ರೆ ನೀವೇ ಹಾಕಿ. ಲೈಟಿನ ಕೆಲಸದವರಲ್ವಾ ನೀವು? ಚಳಿಗಾಲದಲ್ಲಿ ದೊಡ್ಡ ನರ್ಸರಿಯವರು ಲೈಟಲ್ಲೇ ಸಸಿ ಎಬ್ಬಿಸ್ತಾರೆ."

ಮನೆಗೆ ಬಂದು ಅವನು ಗಿಡ್ಡಿ ಆಡಿದ್ದನ್ನು ಆಡಿದ ಹಾಗೇ ಅಕ್ಕನಿಗೆ ಒಪ್ಪಿಸಿದ. ಅಕ್ಕ ಕೇಳಿಸಿಕೊಂಡು ಎಷ್ಟೋ ಹೊತ್ತು ಸೆರಗಿನ ಅಂಚನ್ನು ಬಲಗೈಯಲ್ಲಿ ಮಡಿಸುತ್ತ, ಬಿಡಿಸುತ್ತ ಕೂತಳು.

"ಸುಮ್ಮನೆ ಕೂರೋಳಲ್ಲ ಅವಳು. ಅದು ನಿಜ," ಎಂದಳು ಕೊನೆಗೆ. ಆಮೇಲೆ, "ಹಾಗಾದ್ರೆ ಕದ್ದಿಲ್ಲ," ಎಂದಳು. ಅಂದು ಊಟಕ್ಕೆ ಎಷ್ಟು ಕರೆದರೂ ಏಳಲಿಲ್ಲ.

ಹೀಗೆ ಬೆಳಗಿನಿಂದ ಸಂಜೆವರೆಗೆ ಬಲ್ಬು ಕಿತ್ತವನು ಮನೆಗೆ ಬಂದು ಬಲ್ಬು ಹಾಕುವ ಪಾಡಿಗೆ ಬಿದ್ದ. ಕಿತ್ತ ಬಲ್ಬುಗಳು ರಟ್ಟಿನ ಪೆಟ್ಟಿಗೆಗಳಲ್ಲಿ ವಿಲೇವಾರಿ ಗಾಡಿಗೆ ಕಾಯುತ್ತಿದ್ದವು. ಮುಕ್ಕಾಲು ಪಾಲು ಚೆನ್ನಾಗಿಯೇ ಉರಿಯುವಂಥವು. ಒಂದು ಡಜನ್ ಕೊಡಿ ಎಂದು ಮ್ಯಾನೇಜರ್‌ನನ್ನು ಕೇಳಿದ. ಮ್ಯಾನೇಜರ್ ಅವನನ್ನು ಮೇಲಿನಿಂದ ಕೆಳಗೆ ನೋಡಿ, "ಎಲ್ಲರೂ ಇದನ್ನ ತೆಗೆದು ಅದನ್ನ ಹಾಕ್ತಿದ್ದಾರೆ, ನೀನೇನಪ್ಪ ಉಲ್ಟಾ?" ಎಂದ. ಹನ್ನೆರಡು ಬಲ್ಬಿಗೆ ಮೂರು ಪ್ರತಿಗಳಲ್ಲಿ ಸಹಿ ಹಾಕಿಸಿಕೊಂಡ.

ಮೆಟ್ಟಿಲ ಕೆಳಗೆ ಯಾರೋ ಬಿಟ್ಟುಹೋದ ಪ್ಲೈವುಡ್ ಬಟ್ಟೆ ಕಪಾಟು ಒಂದು ಕೀಲಿನ ಮೇಲೆ ಬಾಗಿಲು ನೇತುಹಾಕಿಕೊಂಡು ನಿಂತಿತ್ತು. ಗಂಡ ಹೆಂಡತಿ ಇಬ್ಬರೂ ಏದುಸಿರು ಬಿಡುತ್ತ ಅದನ್ನು ಅಕ್ಕನ ಕೋಣೆಗೆ ಎಳೆದರು. ಹೆಂಡತಿಗೆ ಲಾಂಡ್ರಿಯಲ್ಲಿ ಇಸ್ತ್ರಿ ಕೆಲಸ. ದಿನವಿಡೀ ನಿಂತು ನಿಂತು ಅವಳ ಕಾಲೂ ಊದಿಕೊಂಡಿತ್ತು.

"ರೀ, ಒಳಗೆ ಬೆಳ್ಳಿ ಹಾಳೆ ಅಂಟಿಸಿದ್ರೆ ಮಿರಮಿರ ಅನ್ನುತ್ತಲ್ವಾ?"

"ಮಿರಮಿರ ಅನ್ನುತ್ತೆ, ಆದರೆ ಸುಕ್ಕು ಬೀಳುತ್ತೆ, ಬೆಳಕು ಒಂದೊಂದು ಕಡೆ ಗುಂಪು ಕಟ್ಟುತ್ತೆ. ಬಿಳಿ ಬಣ್ಣವೇ ಸರಿ." ಗೋಡೆಗೆ ಬಳಿದು ಉಳಿದಿದ್ದ ಬಣ್ಣವನ್ನು ಅವಳೇ ಕೂತು ಎರಡು ಕೈ ಬಳಿದಳು.

ಒಂದು ಮರದ ಪಟ್ಟಿಗೆ ಅವನು ಆರು ಹೋಲ್ಡರ್ ಬಿಗಿದ. ಬಲ್ಬುಗಳನ್ನು ಅಡ್ಡ ಮಲಗಿಸಿದ. ನೆಟ್ಟಗೆ ತೂಗಿಬಿಟ್ಟರೆ ಬೆಳಕೆಲ್ಲ ಸುತ್ತಲ ಗೋಡೆಗೆ ಹೋಗುತ್ತದೆ, ಗಿಡಕ್ಕೆ ಸಿಗುವುದು ತುದಿಯ ಬೆಳಕು ಮಾತ್ರ. ಗಿಡ ಬೆಳೆದ ಹಾಗೆ ಮೇಲೆತ್ತಲು ಪಟ್ಟಿಗೆ ಎರಡು ಕಡೆ ಸರಪಳಿ. ಎದುರಿನ ಹಲಗೆಯಲ್ಲಿ ಗಾಳಿ ಬರಲು ಕೆಳಗೆ ನಾಲ್ಕು ತೂತು. ಒದ್ದೆ ಇರುವ ಕಡೆ ಕರೆಂಟು ಅಂದರೆ ಹುಡುಗಾಟವಲ್ಲ. ಅರ್ಥಿಂಗ್ ಕೊಟ್ಟ, ಕರೆಂಟು ಸೋರಿದ ಕೂಡಲೇ ತಾನಾಗಿ ಆರುವ ಟ್ರಿಪ್ ಸ್ವಿಚ್ ಒಂದನ್ನು ಬೇರೆಯೇ ಕೂರಿಸಿದ, ವೈರಿನ ಜೋಡಣೆಯನ್ನೆಲ್ಲ ಕಪಾಟಿನ ಹೊರಗೆ ಇಟ್ಟ. ಬೆಳಗ್ಗೆ ಐದಕ್ಕೆ ಹತ್ತಿ ರಾತ್ರಿ ಒಂಬತ್ತಕ್ಕೆ ತಾನಾಗಿ ಆರುವಂತೆ ಟೈಮರ್ ಹಾಕಿದ. ದಿನಕ್ಕೆ ಒಂದು ಗಂಟೆಯ ಕೆಲಸ, ಅಷ್ಟಕ್ಕಿಂತ ಹೆಚ್ಚಿಗೆ ಭುಜ ಕೇಳುತ್ತಿರಲಿಲ್ಲ. ಹೀಗೆ ಹತ್ತು ದಿನ.

ಅಕ್ಕ ಕುರ್ಚಿಯಲ್ಲಿ ಕೂತು ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಎಲ್ಲವನ್ನೂ ನೋಡುತ್ತಿದ್ದಳು.

"ಬಲ್ಬು ಎಷ್ಟು ಎತ್ತರ ಇಡ್ತೀಯ?"

"ಒಂದು ಗೇಣು."

"ಒಂದು ಗೇಣು ಇಟ್ರೆ ಕಿಟಕೀಲಿ ಆದ ಕಥೆಯೇ. ನಾಲ್ಕು ಬೆರಳು ಇಡು."

"ಸುಟ್ಟುಹೋಗುತ್ತೆ ಅಕ್ಕ."

"ಸಸಿ ಇರೋ ಜಾಗದಲ್ಲಿ ನಿನ್ನ ಅಂಗೈ ಕವುಚಿ ಇಟ್ಟು ನೋಡು. ನಿನ್ನ ಕೈ ತಡ್ಕೊಂಡ್ರೆ ಎಲೆಯೂ ತಡ್ಕೊಳ್ಳುತ್ತೆ. ನೀನು ವೈರು ನೋಡ್ಕೋ, ಗಿಡದ ವಿಷಯ ನನಗೆ ಬಿಡು."

ಮಣ್ಣು, ಗೊಬ್ಬರ, ತೆಂಗಿನ ನಾರಿನ ಪುಡಿ ಎಲ್ಲವನ್ನೂ ಅವಳು ಹೇಳಿದ ಅಳತೆಯಲ್ಲಿ ಕಲಸಿ, ಐಸ್‌ಕ್ರೀಂ ಡಬ್ಬಿಗಳ ತಳಕ್ಕೆ ತೂತು ಮಾಡಿ ತುಂಬಿಸಿದರು. ಅಕ್ಕ ಬಲಗೈಯಲ್ಲಿ ಒಂದೊಂದೇ ಬೀಜ ಇಟ್ಟು ಹತ್ತು ಬಿತ್ತಿದಳು. ಒಂಬತ್ತನೇ ದಿನ ನಾಲ್ಕು ತಲೆಗಳು ಮಣ್ಣು ಸೀಳಿಕೊಂಡು ಎದ್ದವು. ಮೋಟಾಗಿ, ದಪ್ಪ ಕತ್ತಿನವು. ಟೆಸ್ಟರ್ ಕೆಲಸದಿಂದ ಬಂದವನು ಬೂಟು ಬಿಚ್ಚದೆಯೇ ಕಪಾಟಿನ ಮುಂದೆ ಕುಕ್ಕರಗಾಲಲ್ಲಿ ಕೂತು ನೋಡಿದ.

ನಾಲ್ಕು ದಿನಕ್ಕೆ ಒಂದು ಸಸಿಯ ಕತ್ತು ಮಣ್ಣಿನ ಮಟ್ಟದಲ್ಲಿ ಕಪ್ಪಗಾಯಿತು. ಮರುದಿನ ಇನ್ನೆರಡು. ಅದರ ಮರುದಿನ ಕೊನೆಯದು.

"ಕೊಳೆ ರೋಗ," ಎಂದಳು ಅಕ್ಕ. "ಒಳಗೆ ಗಾಳಿ ಆಡ್ತಿಲ್ಲ. ಬರೀ ತೂತು ಸಾಲದು."

ಆ ರಜೆಯ ದಿನ ಅವನು ಕೆಟ್ಟ ಕಂಪ್ಯೂಟರಿನಿಂದ ತೆಗೆದ ಪುಟ್ಟ ಫ್ಯಾನನ್ನು ಕಪಾಟಿನ ನೆತ್ತಿಗೆ ಕೂರಿಸಲು ಹೋದ. ಅದು ಬಿಸಿಗಾಳಿಯನ್ನು ಮೇಲಿನಿಂದ ಎಳೆದು ಹೊರಹಾಕಿದರೆ ಕೆಳಗಿನ ತೂತುಗಳಿಂದ ತಣ್ಣನೆಯ ಗಾಳಿ ತಾನಾಗಿ ಒಳಗೆ ಬರುತ್ತದೆ. ವಾರವೆಲ್ಲ ಏಣಿ ಹತ್ತಿದ್ದ ಕೈ ಜೋಮು ಹಿಡಿದಿತ್ತು. ಸ್ಕ್ರೂಡ್ರೈವರ್ ಜಾರಿ ನೇರ ಬಲ್ಬಿನ ಮೇಲೆ ಬಿತ್ತು. ಟಪ್ ಎಂದು ಬಲ್ಬು ಒಡೆದು ಚೂರು ಚೂರಾಗಿ ಡಬ್ಬಿಗಳ ತುಂಬ ಉದುರಿತು.

"ಯಾರೂ ಒಳಗೆ ಬರಬೇಡಿ! ಬಲ್ಬಿನೊಳಗೆ ಪಾದರಸ ಇರುತ್ತೆ." ಮೊದಲು ಸ್ವಿಚ್ಚು ಆರಿಸಿದ. ಅಕ್ಕನನ್ನು ಹೊರಗೆ ಕೂರಿಸಿ, ಬಾಗಿಲು ಎಳೆದುಕೊಂಡು, ಕಿಟಕಿ ತೆರೆದಿಟ್ಟು ಅರ್ಧ ಗಂಟೆ ಕಾದ. ಆಮೇಲೆ ಕೈಗೆ ಚೀಲ ಸುತ್ತಿಕೊಂಡು, ಪೊರಕೆ ಮುಟ್ಟದೆ, ಗಟ್ಟಿ ರಟ್ಟಿನಲ್ಲಿ ಚೂರು ಬಾಚಿ, ಪುಡಿಯನ್ನು ಅಂಟು ಪಟ್ಟಿಗೆ ಅಂಟಿಸಿ ತೆಗೆದು, ಮಣ್ಣು ಸಮೇತ ಡಬ್ಬಿಗಳನ್ನು ಒಂದು ಚೀಲಕ್ಕೆ ಕಟ್ಟಿದ. ಎಲ್ಲ ಮುಗಿಯುವ ಹೊತ್ತಿಗೆ ಮಧ್ಯಾಹ್ನ ಎರಡು ಗಂಟೆ. ವಾರದ ಒಂದೇ ರಜೆ ಹೀಗೆ ಹೋಯಿತು. ಅವನು ನೆಲದ ಮೇಲೆ ಕಾಲು ಚಾಚಿ ಕಪಾಟಿಗೆ ಒರಗಿ ಕೂತ.

ಅಕ್ಕ ಬಾಗಿಲಲ್ಲಿ ಕೋಲೂರಿ ನಿಂತಿದ್ದಳು.

"ನನ್ನ ಕೈಲಿ ಆಗಲ್ಲ ಅಕ್ಕ. ನನಗೆ ಸಾಕಾಗಿ ಹೋಗಿದೆ. ಅಲ್ಲೂ ಇದೇ, ಇಲ್ಲೂ ಇದೇ."

"ಆಯ್ತು, ಬಿಡು."

ಅವಳು ಅಷ್ಟು ಸಲೀಸಾಗಿ ಒಪ್ಪಿದ್ದು ಅವನಿಗೆ ಇರಿಸುಮುರಿಸಾಯಿತು.

"ಉಳಿದ ಹತ್ತು ಬೀಜ ತಗೊಂಡು ಹೋಗಿ ಗಿಡ್ಡಿಗೆ ಕೊಟ್ಟುಬಿಡು," ಎಂದಳು ಅಕ್ಕ. "ಬೇಡ ಅಂದ್ರೆ ಕಾಲು ಹಿಡಿ. ನನ್ನ ಪರವಾಗಿ ಹಿಡಿ. ಅಲ್ಲಿಗೆ ಹೋಗೋ ಮುಖ ನನಗಿಲ್ಲ. ಮೂರು ವರ್ಷದ ಹಳೇ ಬೀಜ ಕೊಟ್ಟು ತಪ್ಪಾಯ್ತು ಅನ್ನೋದು ಹ್ಯಾಗೆ? ಹೊಸ ಬೀಜ ಒಂದು ಹಿಡಿ ಕೈಲಿದ್ದಿದ್ರೆ ನಾನೇ ಹೋಗ್ತಿದ್ದೆ."

ಟೆಸ್ಟರ್ ಆಗ ಅಕ್ಕನ ಮುಖ ನೋಡಿದ. ಅವನು ಈತನಕ ಅಂದುಕೊಂಡಿದ್ದು ಅಕ್ಕನಿಗೆ ಗಿಡದ ಹುಚ್ಚು, ಹೊತ್ತು ಹೋಗುವುದಿಲ್ಲ, ಏನೋ ಒಂದು ಹಸಿರು ಕಣ್ಣ ಮುಂದೆ ಇರಲಿ ಅಂತ. ಅಕ್ಕನ ಮನಸ್ಸಿನಲ್ಲಿದ್ದದ್ದು ಬೇರೆಯೇ. ಅವನು ನಿಟ್ಟುಸಿರು ಬಿಟ್ಟು ಮಂಡಿ ಮೇಲೆ ಕೈಯಿಟ್ಟು ಎದ್ದ.

"ಊಟ ಹಾಕು," ಎಂದ ಹೆಂಡತಿಗೆ. "ಉಂಡು ಫ್ಯಾನು ಕೂರಿಸ್ತೀನಿ."

ಕೊನೆಯ ಹತ್ತು ಬೀಜದಲ್ಲಿ ಮೂರು ಹುಟ್ಟಿದವು. ಒಂದರ ತುದಿ ಬಲ್ಬಿಗೆ ತಗಲಿ ಕಮರಿತು. ಅಂದು ಸರಪಳಿ ಎತ್ತುವುದನ್ನು ಅವನು ಮರೆತು ಮಲಗಿದ್ದ. ಇನ್ನೊಂದು ಆರು ಎಲೆಗೇ ನಿಂತಿತು, ಮುಂದಕ್ಕೆ ಬರಲೂ ಇಲ್ಲ, ಸಾಯಲೂ ಇಲ್ಲ. ಮೂರನೆಯದು ಬೆಳೆಯಿತು. ದೊಡ್ಡ ಕುಂಡಕ್ಕೆ ಬದಲಾಯಿಸಿದರು. ಅಕ್ಕ ಹೇಳಿದಂತೆ ತುದಿ ಚಿವುಟಿದ ಮೇಲೆ ಅದು ಅಗಲಕ್ಕೆ ಕವಲೊಡೆದು ಕಪಾಟಿನ ಆಕಾರಕ್ಕೆ ಹೊಂದಿಕೊಂಡು ಕುಳ್ಳಗೆ ಕೂತಿತು. ಮೊಗ್ಗು ಬರುವ ಹೊತ್ತಿಗೆ ಬಿಳಿ ಬೆಳಕಿನ ಬಲ್ಬುಗಳಲ್ಲಿ ಮೂರನ್ನು ತೆಗೆದು ಹಳದಿ ಬೆಳಕಿನವನ್ನು ಹಾಕಿದ. ಹೂವಿಗೆ ಅದು ಒಳ್ಳೆಯದೆಂದು ಯಾರೋ ಹೇಳಿದ್ದರು; ನಿಜವೋ ಸುಳ್ಳೋ, ಪರೀಕ್ಷೆ ಮಾಡಲು ಇನ್ನೊಂದು ಗಿಡ ಇರಲಿಲ್ಲ.

ಆ ಹೊತ್ತಿನಲ್ಲೇ ಮೇಲಿನ ಮನೆಯ ನಿವೃತ್ತ ಹೆಡ್‌ಮೇಷ್ಟ್ರು ಇಬ್ಬರನ್ನು ಬೆನ್ನಿಗೆ ಕಟ್ಟಿಕೊಂಡು ಬಂದರು. ಕತ್ತಲು ಹರಿಯುವ ಮೊದಲೇ ಹಿಂದಿನ ಕಿಟಕಿಯಿಂದ ಬೆಳಕು, ದಿನವಿಡೀ ಗುಂಯ್ ಎನ್ನುವ ಸದ್ದು. ಕಟ್ಟಡದಲ್ಲಿ ಗುಸುಗುಸು ಎದ್ದಿತ್ತು.

"ನಾವೇನೂ ನಿಮ್ಮ ಮೇಲೆ ಅನುಮಾನ ಪಡ್ತಿಲ್ಲ," ಎಂದರು ಮೇಷ್ಟ್ರು, ಒಂದು ಹೆಜ್ಜೆ ಒಳಗಿಟ್ಟು. "ಆದರೆ ಕೆಲವರು ಕಪಾಟಿನಲ್ಲಿ ಬೆಳೆಸಬಾರದ ಗಿಡ ಬೆಳೆಸ್ತಾರೆ ಅಂತ ಪೇಪರಿನಲ್ಲಿ ಬರುತ್ತಲ್ಲ..."

ಟೆಸ್ಟರ್ ಬಾಯಿ ತೆರೆಯುವ ಮೊದಲೇ ಅಕ್ಕ ಒಳಗಿನಿಂದ, "ಬನ್ನಿ, ಬಂದು ನೋಡಿ. ಬಾಗಿಲು ಜಾಸ್ತಿ ಹೊತ್ತು ತೆಗೆದಿಡಬೇಡಿ," ಎಂದಳು.

ಮೇಷ್ಟ್ರು ಕನ್ನಡಕ ಸರಿಮಾಡಿಕೊಂಡು ಬಗ್ಗಿದರು. ಬಲ್ಬುಗಳ ಬೆಳಕಿನಲ್ಲಿ ಮೆಣಸಿನ ಗಿಡ ಸುಮ್ಮನೆ ನಿಂತಿತ್ತು.

"ಇದು... ಮೆಣಸಿನ ಗಿಡ."

"ಇನ್ನೇನು ಅಂದುಕೊಂಡಿದ್ರಿ?"

"ಒಂದು ಗಿಡಕ್ಕೆ ಇಷ್ಟೊಂದು ವ್ಯವಸ್ಥೆಯಾ!" ಮೇಷ್ಟ್ರ ದನಿಯಲ್ಲಿ ಸಮಾಧಾನಕ್ಕಿಂತ ನಿರಾಸೆಯೇ ಹೆಚ್ಚಿತ್ತು. ಆದರೂ ಬಂದದ್ದು ದಂಡವಾಗಬಾರದಲ್ಲ. ಬೆಂಕಿ ಹತ್ತಿದರೆ ಏನು ಗತಿ ಎಂದು ಕೇಳಿದರು. ಟೆಸ್ಟರ್ ಟ್ರಿಪ್ ಸ್ವಿಚ್ಚು ಒತ್ತಿ ತೋರಿಸಿದ, ವೈರು ಮುಟ್ಟಿಸಿ ತೋರಿಸಿದ, ಕಪಾಟಿನ ನೆತ್ತಿಯ ಮೇಲೆ ಕೈಯಿಡಿಸಿ ಎಷ್ಟು ಬೆಚ್ಚಗಿದೆ ಎಂದು ತೋರಿಸಿದ. ದಿನವಿಡೀ ಇದನ್ನೇ ಮಾಡಿ ಬಂದವನು ನಿಂತಲ್ಲೇ ಆಕಳಿಸುತ್ತಿದ್ದ. ಮೇಷ್ಟ್ರು ಕಿಟಕಿಗೆ ದಪ್ಪ ಬಟ್ಟೆ ಕಟ್ಟಿ ಎಂದು ಹೇಳಿ ಹೊರಟರು. ಹೆಂಡತಿ ಹಳೇ ಕಂಬಳಿ ಕಟ್ಟಿದಳು.

ಮೊದಲು ಬಿಟ್ಟ ಹೂವೆಲ್ಲ ಉದುರಿತು. ಕಪಾಟಿನೊಳಗೆ ಜೇನಿಲ್ಲ, ಬೀಸುವ ಗಾಳಿಯಿಲ್ಲ. ಅಕ್ಕ ಕುರ್ಚಿಯನ್ನು ಕಪಾಟಿನ ಬಾಗಿಲಿಗೆ ಹಾಕಿಸಿಕೊಂಡು ದಿನಾ ಬೆಳಗ್ಗೆ ಒಂದೊಂದು ಹೂವಿನ ತೊಟ್ಟಿಗೂ ಬೆರಳಿನಿಂದ ಮೆಲ್ಲಗೆ ಮಿಡಿಯತೊಡಗಿದಳು. ಬೆಳಗ್ಗೆ ಕೆಲಸಕ್ಕೆ ಹೊರಡುವಾಗ ಟೆಸ್ಟರ್ ಬಾಗಿಲಲ್ಲಿ ಒಂದು ಕ್ಷಣ ನಿಂತು ನೋಡುತ್ತಿದ್ದ. ಅವಳ ನರೆತ ಕೂದಲ ಮೇಲೆಲ್ಲ ಬೆಳಕು. ಮಿಡಿದದ್ದಕ್ಕೆ ಪುಡಿ ಉದುರಿತೋ ಇಲ್ಲವೋ ಎಂದು ಕಣ್ಣು ಕಿರಿದು ಮಾಡಿ ನೋಡುವ ಮುಖ. ಆ ಮುಖವನ್ನು ಅವನು ನರ್ಸರಿಯ ಕಾಲದಲ್ಲಿ ಕಂಡಿದ್ದ.

ಹನ್ನೊಂದು ಕಾಯಿ ಕಚ್ಚಿತು. ಎರಡು ಹಣ್ಣಾಗುವ ಮೊದಲೇ ಬಿದ್ದವು. ಉಳಿದ ಒಂಬತ್ತು ದೊಡ್ಡ ಗೋಲಿಯಷ್ಟು ಗುಂಡಗೆ, ಮೊದಲು ಕಡು ಹಸಿರು, ಆಮೇಲೆ ಕಂದು, ಐದನೇ ತಿಂಗಳ ಕೊನೆಗೆ ಕೆಂಪು. ಒಂದೂ ಎಲೆ ಮುರುಟಿರಲಿಲ್ಲ. ಆದರೆ ಕಪಾಟಿನೊಳಗೆ ರೋಗ ಬರಲು ದಾರಿಯೇ ಇರಲಿಲ್ಲವಲ್ಲ, ಅದರಿಂದ ಏನೂ ಸಾಬೀತಾಗುವುದಿಲ್ಲ ಎಂದಳು ಅಕ್ಕ. ಹಣ್ಣು ಸೀಳಿ ಬೀಜ ತೆಗೆದು ನೆರಳಲ್ಲಿ ಒಣಗಿಸಿದಳು. ಬೀಜ ಮುಟ್ಟಿದ ಕೈಯಲ್ಲಿ ಕಣ್ಣುಜ್ಜಿಕೊಂಡು ಇಡೀ ಮಧ್ಯಾಹ್ನ ನೀರು ಸುರಿಸಿಕೊಂಡಳು. ಒಂದು ಹಿಡಿ ಬೀಜ ಆಯಿತು.

ಮುಂದಿನ ರಜೆಯ ದಿನ ಅಕ್ಕ, ತಮ್ಮ ಇಬ್ಬರೂ ಬಸ್ಸು ಹತ್ತಿದರು. ಮೆಟ್ಟಿಲು ಹತ್ತಿಸುವಾಗ ಅವಳ ಭಾರವೆಲ್ಲ ಅವನ ಭುಜದ ಮೇಲೆ. ದಾರಿಯುದ್ದಕ್ಕೂ ಅವಳು ಸೀಸೆಯನ್ನು ಮುಷ್ಟಿಯಿಂದ ಬಿಡಲಿಲ್ಲ.

ಗಿಡ್ಡಿ ಅವರನ್ನು ದೂರದಿಂದಲೇ ಕಂಡಳು. ಎದ್ದು ನಿಂತಳು, ಆದರೆ ಎದುರು ಬರಲಿಲ್ಲ. ಅಕ್ಕ ಕೋಲೂರಿಕೊಂಡು ಟ್ರೇಗಳ ನಡುವಿನ ದಾರಿಯಲ್ಲಿ ಅಷ್ಟು ದೂರವನ್ನೂ ಒಬ್ಬಳೇ ನಡೆದಳು.

"ನಾನು ಅವತ್ತು ಹಾಗೆ ಅನ್ನಬಾರದಿತ್ತು," ಎಂದಳು. "ನೀನು ತಗೊಂಡಿರಲಿಲ್ಲ."

"ಹನ್ನೆರಡು ವರ್ಷ ಆಯ್ತು ಅಕ್ಕಾವ್ರೇ."

"ಆಯ್ತು."

"ನನ್ನ ಮಗಳ ಮದುವೆಗೂ ನೀವು ಬರಲಿಲ್ಲ."

"ನೀನು ಕರೀಲಿಲ್ಲ."

"ಕರೆದಿದ್ರೆ ಬರ್ತಿದ್ರಾ?"

ಅಕ್ಕ ಯೋಚಿಸಿದಳು. "ಇಲ್ಲ."

ಗಿಡ್ಡಿಯ ಮುಖದಲ್ಲಿ ನಗು ಬರಲಿಲ್ಲ. ಆದರೆ ಬಿಗಿದ ತುಟಿ ಸ್ವಲ್ಪ ಸಡಿಲವಾಯಿತು. ಅಕ್ಕ ಕೋಲನ್ನು ಮೈಗೆ ಒರಗಿಸಿಕೊಂಡು, ಸೊಂಟಕ್ಕೆ ಸಿಕ್ಕಿಸಿದ್ದ ಸೀಸೆ ತೆಗೆದು ಚಾಚಿದಳು. ಗಿಡ್ಡಿ ಅದನ್ನು ತಕ್ಷಣ ತೆಗೆದುಕೊಳ್ಳಲಿಲ್ಲ. ಸೋತು ಜೋತುಬಿದ್ದ ಎಡಗೈಯನ್ನು ಒಂದು ಗಳಿಗೆ ನೋಡಿದಳು.

"ಈ ಕೈಲಿ ಬೆಳೆಸಿದ್ರಾ?"

"ಇವನು ಬೆಳೆಸಿದ್ದು. ಕಪಾಟಿನಲ್ಲಿ."

ಗಿಡ್ಡಿ ಸೀಸೆ ತೆಗೆದುಕೊಂಡಳು. ಒಂದು ಚಿಟಿಕೆ ಬೀಜವನ್ನು ಅಂಗೈಗೆ ಸುರಿದು, ಉಗುರಿನಿಂದ ಒಂದನ್ನು ಒತ್ತಿ ನೋಡಿದಳು. ಬಗ್ಗಿ ಒಂದು ಖಾಲಿ ಕಾಗದ ಹುಡುಕಿ ಅರ್ಧ ಬೀಜವನ್ನು ಅದರಲ್ಲಿ ಸುತ್ತಿ ಅಕ್ಕನಿಗೇ ವಾಪಸು ಕೊಟ್ಟಳು. "ಎಲ್ಲ ಒಂದೇ ಕಡೆ ಇರಬಾರದು. ಅವತ್ತೇ ಹಾಗೆ ಮಾಡಿದ್ದಿದ್ರೆ ಇಷ್ಟು ಪಡಿಪಾಟಲು ಇರ್ತಿರಲಿಲ್ಲ."

"ಅದೂ ನಿಜ," ಎಂದಳು ಅಕ್ಕ.

ಆಮೇಲೆ ಇಬ್ಬರೂ ಮಾತಾಡಿದ್ದು ಬರೀ ಸಸಿಯ ವಿಷಯ. ಈ ಟ್ರೇಗೆ ನೀರು ಹೆಚ್ಚಾಗಿದೆ, ಆ ಬದನೆ ಸಸಿಗೆ ನೆರಳು ಹೆಚ್ಚಾಗಿದೆ, ಕೊಳೆಗೆ ಏನು ಹಾಕ್ತೀಯ, ಪರದೆ ಯಾವಾಗ ಬದಲಾಯಿಸಿದ್ದು. ಗಿಡ್ಡಿ ಒಂದಕ್ಕೆ ಒಪ್ಪಿದಳು, ಎರಡಕ್ಕೆ ಸೊಪ್ಪು ಹಾಕಲಿಲ್ಲ. ಟೆಸ್ಟರ್ ಗೊಬ್ಬರದ ಮೂಟೆಗೆ ಒರಗಿ ಕೂತವನು ಮಾತು ಕೇಳುತ್ತ ಕೇಳುತ್ತ ಅಲ್ಲೇ ನಿದ್ದೆ ಹೋದ.

ಮನೆಯಲ್ಲಿ ಕಪಾಟಿನ ಫ್ಯಾನು ಇನ್ನೂ ಓಡುತ್ತಿತ್ತು. ಇನ್ನೊಂದು ಗಿಡ ಎಬ್ಬಿಸೋಣವೇ ಎಂದು ಟೆಸ್ಟರ್ ಎರಡು ದಿನ ಬಿಟ್ಟು ತಾನಾಗಿಯೇ ಕೇಳಿದ. ಐದು ತಿಂಗಳ ಅಭ್ಯಾಸಕ್ಕೆ ಅವನ ಕಾಲು ಸಂಜೆ ತಾನಾಗಿ ಆ ಕೋಣೆಗೆ ಹೋಗುತ್ತಿತ್ತು.

"ಬೇಡ ಕಣೋ," ಎಂದಳು ಅಕ್ಕ. "ಆ ಬೆಳಕು ಕಣ್ಣಿಗೆ ಚುಚ್ಚುತ್ತೆ. ನೀನೂ ದಣಿದಿದ್ದೀಯ, ಆ ಗಿಡವೂ ದಣಿದಿದೆ."

ಗಿಡವನ್ನು ಅವನು ಒಂದು ಬೆಳಗ್ಗೆ ಕೆಲಸಕ್ಕೆ ಹೋಗುವ ಮುಂಚೆ ಕಟ್ಟಡದ ಗೇಟಿನ ಪಕ್ಕಕ್ಕೆ ಸಾಗಿಸಿ, ಮೊದಲ ಒಂದು ವಾರ ನೆರಳಲ್ಲಿ, ಆಮೇಲೆ ಬಿಸಿಲಿನಲ್ಲಿ ಇಟ್ಟ. ಹಾಗಿದ್ದೂ ಎಲೆಗಳು ಬಿಳಿಚಿ ಒಂದಷ್ಟು ಉದುರಿದವು. ಹೆಡ್‌ಮೇಷ್ಟ್ರು ದಿನಾ ಅದಕ್ಕೆ ನೀರು ಹಾಕತೊಡಗಿದರು, ಅದೂ ಬೇಕಾದ್ದಕ್ಕಿಂತ ಹೆಚ್ಚಿಗೆ. ಬಲ್ಬುಗಳನ್ನು ಕಾಗದದಲ್ಲಿ ಸುತ್ತಿ ಟೆಸ್ಟರ್ ಆಫೀಸಿನ ವಿಲೇವಾರಿ ಪೆಟ್ಟಿಗೆಗೆ ವಾಪಸು ಹಾಕಿದ. ಅದಕ್ಕೂ ಮ್ಯಾನೇಜರ್ ಮೂರು ಸಹಿ ಹಾಕಿಸಿಕೊಂಡ. ಕಪಾಟಿನಲ್ಲಿ ಅಕ್ಕನ ಸೀರೆಗಳು ಸೇರಿದವು.

ಮೂರು ವಾರದ ಮೇಲೆ, ರಜೆಯ ದಿನ ಬೆಳಗ್ಗೆ ಫೋನು ಬಂತು. ಗಿಡ್ಡಿ. ಅಕ್ಕನ ಕೈಗೆ ಕೊಡಿ ಎಂದಳು. ಅರವತ್ತು ಬಿತ್ತಿದ್ದಳಂತೆ, ಐವತ್ತೆರಡು ಹುಟ್ಟಿದೆಯಂತೆ.

"ಉಳಿದ ಎಂಟಕ್ಕೆ ಏನಾಯ್ತು?" ಎಂದು ಅಕ್ಕ ಕೇಳುವುದು ಗೋಡೆಯ ಈಚೆಗೂ ಕೇಳಿಸಿತು. ಆ ಕಡೆಯಿಂದ ಗಿಡ್ಡಿ ಏನೋ ಜೋರಾಗಿ ಅಂದಳು. ಅಕ್ಕ ಅದಕ್ಕೆ ಇನ್ನೂ ಜೋರಾಗಿ ಏನೋ ಅಂದಳು. ಮಾತು ಮುಗಿಯುವ ಲಕ್ಷಣ ಇರಲಿಲ್ಲ.

ಟೆಸ್ಟರ್ ಮಂಚದ ಮೇಲೆ ಮಗ್ಗುಲು ಬದಲಿಸಿ, ನೋಯದ ಭುಜವನ್ನು ಕೆಳಗೆ ಮಾಡಿಕೊಂಡು, ಕಣ್ಣು ಮುಚ್ಚಿದ. ಹೆಂಡತಿ ಬಾಗಿಲಲ್ಲಿ ಇಣುಕಿ ನೋಡಿ, ಎಬ್ಬಿಸದೆ ಬಾಗಿಲು ಮುಂದಕ್ಕೆ ಎಳೆದು ಹೋದಳು.